ಆಟಿಯ ಮಳೆಗೂ ಹೆದರದ ಫ್ಲೋ ಮೀಟರ್: ನನ್ನ ಅನುಭವ

ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ಜೂನ್ ಬಂತೆಂದರೆ ಕಂಪ್ರೆಸ್ಡ್ ಏರ್ ಲೈನಿನ ಥರ್ಮಲ್ ಫ್ಲೋ ಮೀಟರ್ (ಬಿಸಿ ಸೆನ್ಸರ್ ಎಷ್ಟು ತಣ್ಣಗಾಗುತ್ತದೆ ಎಂಬುದರಿಂದ ಗಾಳಿಯ ಹರಿವು ಅಳೆಯುವ ಸಾಧನ) ಹಾರಾಡಲು ಶುರು ಮಾಡುತ್ತದೆ. ಕಂಪ್ರೆಸರ್ ಕೊಡುವುದೇ 175 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ), ಮೀಟರ್ ತೋರಿಸುವುದು 220! ಮಾಲೀಕರು ಲೀಕ್ ಹುಡುಕಿಸುತ್ತಾರೆ, ಸಿಗುವುದಿಲ್ಲ. ಕೊನೆಗೆ ಮೀಟರ್ ಬಿಚ್ಚಿ ಬೆಂಗಳೂರಿಗೆ ಕ್ಯಾಲಿಬ್ರೇಶನ್‌ಗೆ ಕಳಿಸುತ್ತಾರೆ. ಲ್ಯಾಬಿನ ಒಣ ಗಾಳಿಯಲ್ಲಿ ಅದು ಸರಿಯಾಗಿಯೇ ಓದುತ್ತದೆ. ವಾಪಸ್ ಬಂದು ವಾರ ಕಳೆಯುವುದರೊಳಗೆ ಮತ್ತೆ ಅದೇ ಪಾಡು.

ಒಂದು ಸಲ ಕಳಿಸಿ ತರಿಸಲು ಸಾಗಾಟ ಸೇರಿ ಎಂಟೊಂಬತ್ತು ಸಾವಿರ. ಹೊಸ ಪ್ರೋಬ್ (ಪೈಪಿನೊಳಗೆ ಇಳಿಯುವ ಸೆನ್ಸರ್ ಕಡ್ಡಿ) ಆದರೆ 70 ಸಾವಿರದ ಹತ್ತಿರ. ನಾನು ನೋಡಿಕೊಳ್ಳುವ ಮೂರ್ನಾಲ್ಕು ಕಾರ್ಖಾನೆಗಳಲ್ಲಿ ಈ ಖರ್ಚು ಈಗ ಹೆಚ್ಚುಕಡಿಮೆ ನಿಂತಿದೆ. "ಮೀಟರ್ ಮುಟ್ಟದೆ ಮೀಟರ್ ಸರಿ ಮಾಡ್ತೀರಾ ಮಾರಾಯ್ರೆ?" ಎಂದು ಕೇಳಿದ್ದ ಮ್ಯಾನೇಜರೇ ಕಳೆದ ಮಳೆಗಾಲದಲ್ಲಿ ಇನ್ನೊಂದು ಲೈನನ್ನೂ ನನಗೆ ವಹಿಸಿದರು.

ಮೊದಲ ಕೆಲಸ ಡ್ರೈನ್, ಅಂದರೆ ಲೈನಿನಲ್ಲಿ ನಿಂತ ನೀರನ್ನು ಹೊರಬಿಡುವ ವಾಲ್ವ್. ಮಳೆಗಾಲದ ಗಾಳಿಯ ಒಂದು ಘನ ಮೀಟರ್‌ನಲ್ಲಿ 20ರಿಂದ 25 ಗ್ರಾಂ ನೀರು ಇರುತ್ತದೆ. 175 ಸಿಎಫ್‌ಎಂ ಕಂಪ್ರೆಸರ್ ಗಂಟೆಗೆ ಆರೇಳು ಲೀಟರ್‌ನಷ್ಟು ನೀರು ಕುಡಿಯುತ್ತದೆ ಅಂತಾಯಿತು. ಆಟೋ ಡ್ರೈನ್ ಕಸ ಕಟ್ಟಿ ಕೂತರೆ ಆ ನೀರೆಲ್ಲ ಡ್ರೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಮೇಲೆ ಬೀಳುತ್ತದೆ, ಅಲ್ಲಿಂದ ಸೆನ್ಸರ್‌ಗೆ. ಬಿಸಿ ಸೆನ್ಸರ್‌ಗೆ ಹನಿ ತಾಗಿದರೆ ರೀಡಿಂಗ್ ಜಿಗಿಯದೆ ಇರುತ್ತದಾ? ಅದಕ್ಕೇ ಬೆಳಿಗ್ಗೆ ಮಷೀನ್ ಶುರು ಮಾಡುವ ಮೊದಲು ರಿಸೀವರ್ (ಗಾಳಿ ತುಂಬಿಡುವ ಟ್ಯಾಂಕ್) ಡ್ರೈನನ್ನು ಕೈಯಲ್ಲೇ ತೆರೆಯಬೇಕು ಎಂದು ನಿಯಮ ಮಾಡಿದೆ. ಆಮೇಲೆ ಡ್ರೈಯರ್ ದಾಟಿದ ಕಡೆ ಇರುವ ಸಣ್ಣ ಕಾಕ್ (ನಲ್ಲಿ) ಸ್ವಲ್ಪ ತಿರುಗಿಸಿ ಬಿಳಿ ಬ್ಲಾಟಿಂಗ್ ಪೇಪರ್ ಅರ್ಧ ನಿಮಿಷ ಹಿಡಿಯುವುದು. ಪೇಪರ್ ಒಣಗಿದ್ದರೆ ಸರಿ. ಒದ್ದೆಯಾದರೆ ಡ್ರೈಯರ್ ನೋಡಬೇಕು. ನಡುವೆ ಹಳದಿ ಉಂಗುರ ಮೂಡಿದರೆ ಎಣ್ಣೆ ಬರುತ್ತಿದೆ, ಫಿಲ್ಟರ್ ಮುಗಿಯಿತು ಅಂತಲೇ ಲೆಕ್ಕ.

ಪ್ರೋಬ್ ಕೂರಿಸುವ ಜಾಗವೂ ಮುಖ್ಯ. ಪೈಪಿನ ನೆತ್ತಿಯಿಂದ ನೇರವಾಗಿ ಇಳಿಸಿದರೆ ಕಡ್ಡಿಯ ಉದ್ದಕ್ಕೂ ನೀರು ಇಳಿದು ತುದಿಗೇ ಬರುತ್ತದೆ. ನಾನು ಪಕ್ಕದಿಂದ ಹಾಕುತ್ತೇನೆ, ಒಂದಿಷ್ಟು ಓರೆಯಾಗಿ. ಎಷ್ಟು ಓರೆ ಅನ್ನುವುದು ಲೈನ್ ನೋಡಿ ತೀರ್ಮಾನಿಸುವ ವಿಷಯ, ಅದನ್ನು ಸದ್ಯಕ್ಕೆ ನನ್ನ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ.

ಸೆನ್ಸರ್ ತೊಳೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಷ್. ಕೆರೆಯಬೇಡಿ. ತೆಗೆಯುವ ಮೊದಲು ಆಳಕ್ಕೂ ದಿಕ್ಕಿಗೂ ಗುರುತು ಹಾಕಿ, ಸ್ವಲ್ಪ ತಿರುಗಿದರೂ ರೀಡಿಂಗ್ ಬದಲಾಗುತ್ತದೆ. ಇಲ್ಲೊಂದು ತಮಾಷೆಯಲ್ಲದ ಸಂಗತಿ ಉಂಟು. ಹನಿ ರೀಡಿಂಗ್ ಏರಿಸುತ್ತದೆ, ಎಣ್ಣೆ ಮತ್ತು ಧೂಳಿನ ಪದರ ಇಳಿಸುತ್ತದೆ. ಒಂದು ಕಡೆ ಎರಡೂ ಸೇರಿ ಮೀಟರ್ ಸರಿಯಾಗಿರುವಂತೆ ಕಾಣುತ್ತಿತ್ತು. ತೊಳೆದ ಕೂಡಲೇ ರೀಡಿಂಗ್ ಏರಿತು. "ಸರಿ ಇದ್ದದ್ದನ್ನು ಹಾಳು ಮಾಡಿದಿರಿ" ಅಂದರು ಅಲ್ಲಿಯವರು. ಎರಡು ದಿನ ಡ್ರೈನ್ ಸರಿಯಾಗಿ ಓಡಿಸಿದ ಮೇಲೆ ಅದು ಜಾಗಕ್ಕೆ ಬಂತು.

ಟ್ರಾನ್ಸ್‌ಮಿಟರ್ ಹೆಡ್ಡಿನ (ರೀಡಿಂಗ್ ಕಳಿಸುವ ಬೋರ್ಡ್ ಇರುವ ಡಬ್ಬಿ) ಕತೆಯೇ ಬೇರೆ, ನನ್ನ ಹಣ ಜಾಸ್ತಿ ಹೋಗಿದ್ದು ಅಲ್ಲಿ. ಸಿಲಿಕೋನ್ ಬಳಿದು ಎಲ್ಲ ಮುಚ್ಚುವುದು ಎಲ್ಲರೂ ಮಾಡುವುದೇ. ವಿನೆಗರ್ ವಾಸನೆಯ ಸಿಲಿಕೋನ್ ಒಳಗೆ ಹೋದರೆ ತಾಮ್ರದ ಟರ್ಮಿನಲ್ ಹಸಿರಾಗುತ್ತದೆ. ಒಂದು ಬೋರ್ಡ್ ಹಾಗೇ ಹೋಯಿತು, ಹದಿನೈದು ಸಾವಿರದಷ್ಟು. ಬಿಗಿಯಾಗಿ ಮುಚ್ಚಿದರೂ ಪ್ರಯೋಜನವಿಲ್ಲ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ಸಂಜೆ ಮಳೆ ಹೊಡೆದು ತಣ್ಣಗಾದಾಗ ಗ್ಲ್ಯಾಂಡ್ (ಕೇಬಲ್ ಒಳಹೋಗುವ ಬಾಯಿ) ಮೂಲಕ ಒದ್ದೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈಗ ಕೆಳಮುಖದ ಗ್ಲ್ಯಾಂಡ್, ಕೇಬಲ್‌ಗೆ ಕೆಳಗೆ ಇಳಿದು ಮೇಲೆ ಬರುವ ಬಾಗು, ಒಂದು ಬ್ರೀದರ್ ಪ್ಲಗ್ (ಗಾಳಿ ಆಡಲು ಬಿಟ್ಟು ನೀರು ತಡೆಯುವ ಬಿರಡೆ) ಹಾಕುತ್ತೇನೆ. ಎಲ್ಲ ಸೇರಿ ಒಂದೂವರೆ ಸಾವಿರ. ಗ್ಲ್ಯಾಂಡಿನ ಥ್ರೆಡ್‌ಗೆ ಹಚ್ಚುವುದು ಏನು ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ.

ಹೆಡ್ಡಿನೊಳಗೆ ಅಕ್ಕಿ ಪೊಟ್ಟಣ ಇಟ್ಟು ನೋಡಿದೆ, ಬೂಷ್ಟು ಬಂತು. ನೀಲಿ ಸಿಲಿಕಾ ಜೆಲ್ ವಾಸಿ, ಗುಲಾಬಿ ಬಣ್ಣಕ್ಕೆ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ನೀಲಿ. ನೀಲಿ ಬಣ್ಣಕ್ಕೆ ಕಾರಣ ಕೋಬಾಲ್ಟ್, ಅಡುಗೆಯ ಓವನ್ ಬಳಸಬೇಡಿ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಜೆಲ್ ಹತ್ತು ದಿನವೂ ತಾಳಲಿಲ್ಲ. ಬ್ರೀದರ್ ಹಾಕಿದ ಮೇಲೆ ತಿಂಗಳು ದಾಟುತ್ತಿದೆ.

ಒಂದು ಕಡೆ ಹಳೆಯ ಆರಿಫಿಸ್ (ಪೈಪಿನೊಳಗೆ ತೂತಿನ ತಟ್ಟೆ ಇಟ್ಟು ಹರಿವು ಅಳೆಯುವ ಮೀಟರ್) ಇತ್ತು. ತಟ್ಟೆಯ ಎರಡು ಬದಿಯ ಒತ್ತಡದ ವ್ಯತ್ಯಾಸ ಅಳೆಯುವ ಡಿಪಿ ಟ್ರಾನ್ಸ್‌ಮಿಟರನ್ನು ಕೈಗೆ ಎಟುಕಲಿ ಎಂದು ಪೈಪಿನ ಕೆಳಗೆ ಕೂರಿಸಿದ್ದರು. ರೇಂಜ್ 1000 ಮಿಲಿಮೀಟರ್ ವಾಟರ್ ಕಾಲಂ (ಅಷ್ಟು ಎತ್ತರದ ನೀರು ಒತ್ತುವಷ್ಟು ಒತ್ತಡ). ಹೈ (ಹೆಚ್ಚು ಒತ್ತಡದ) ಕಡೆಯ ಟ್ಯೂಬ್‌ನಲ್ಲಿ 100 ಮಿಲಿಮೀಟರ್ ನೀರು ನಿಂತಿತ್ತು. ಫ್ಲೋ ಎಂದರೆ ಒತ್ತಡದ ವ್ಯತ್ಯಾಸದ ವರ್ಗಮೂಲದ ಲೆಕ್ಕ, ಅದಕ್ಕೆ ಅಷ್ಟೇ ಸಾಕು, ಗಾಳಿ ಪೂರ್ತಿ ನಿಲ್ಲಿಸಿದರೂ 31-32 ಶೇಕಡಾ ಫ್ಲೋ ತೋರಿಸುತ್ತಿತ್ತು! ಝೀರೋ ಮಾಡಿ ಮಾಡಿ ಅವರಿಗೆ ಸಾಕಾಗಿತ್ತು. ಟ್ರಾನ್ಸ್‌ಮಿಟರನ್ನು ಪೈಪಿಗಿಂತ ಮೇಲೆ ಏರಿಸಿ, ಟ್ಯೂಬ್‌ಗೆ ಪೈಪಿನ ಕಡೆ ಇಳಿಜಾರು ಕೊಟ್ಟೆ. ಟ್ಯೂಬ್, ಫಿಟ್ಟಿಂಗ್ ಸೇರಿ ಎರಡು ಸಾವಿರ, ಅರ್ಧ ದಿನದ ಕೆಲಸ. ಆಮೇಲೆ ಅಲ್ಲಿ ಝೀರೋ ಮಾಡಲು ಯಾರೂ ಏಣಿ ಹತ್ತಿಲ್ಲ.

ಗ್ಲ್ಯಾಂಡ್, ಬ್ರೀದರ್ ಕೆಲಸ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಮುಚ್ಚಳ ತೆರೆದರೆ ಆಗಲೇ ತೇವ ಒಳಗೆ ಕೂತಿರುತ್ತದೆ, ಬಿಸಿ ಗಾಳಿಯಲ್ಲಿ ಒಣಗಿಸದೆ ಮುಚ್ಚುವಂತಿಲ್ಲ.