ಕಿರಿಟೊನ ಎರಡು ಕತ್ತಿ, ಒಳಗೆ ಬಿದಿರು: ನನ್ನ ಅನುಭವ

ಕಾಸ್‌ಪ್ಲೇ, ಅಂದರೆ ಅನಿಮೆ ಪಾತ್ರಗಳ ವೇಷ ಮಾಡುವವರ ಮುಂದೆ ಬಿದಿರು ಅಂದರೆ ಸಾಕು, ಮುಖ ಸಿಂಡರಿಸುತ್ತಾರೆ. ಸೀಳುತ್ತೆ, ಹುಳ ಹೊಡೆಯುತ್ತೆ, ಸೊಟ್ಟಗಾಗುತ್ತೆ ಅಂತ ಕೇಳಿದವರೆಲ್ಲ ಹೇಳಿದರು. ಈಗ ನನ್ನ ಕಿರಿಟೊನ ಎರಡೂ ಕತ್ತಿಗಳ ಒಳಗಿರುವುದು ಬಿದಿರೇ. ಕಿರಿಟೊ ಅಂದರೆ ಸ್ವೋರ್ಡ್ ಆರ್ಟ್ ಆನ್‌ಲೈನ್ ಅನ್ನೋ ಜಪಾನಿ ಅನಿಮೆಯ ನಾಯಕ, ವಿಡಿಯೋ ಗೇಮಿನೊಳಗೆ ಸಿಕ್ಕಿಬಿದ್ದ ಹುಡುಗ. ಬೆಂಗಳೂರಿನ ಕಾಮಿಕ್ ಕಾನ್ ಮೇಳ ಪೂರ್ತಿ ಬೀಸಿದ್ದೇನೆ. ಆಮೇಲೆ ಒಂದು ಮಳೆಗಾಲವೂ ಕಳೆಯಿತು. ಎರಡೂ ನೆಟ್ಟಗಿವೆ.

ಸ್ವೋರ್ಡ್ ಆರ್ಟ್ ಆನ್‌ಲೈನ್ ನೋಡಿದವರಿಗೆ 9ನೇ ಎಪಿಸೋಡ್ ಮರೆಯುವುದಿಲ್ಲ. ಆಟದ 74ನೇ ಮಹಡಿ, ಎದುರಿಗೆ ಗ್ಲೀಮ್ ಐಸ್ ಅನ್ನೋ ರಾಕ್ಷಸ. ಕಿರಿಟೊ ಅಲ್ಲಿಯವರೆಗೆ ಮುಚ್ಚಿಟ್ಟಿದ್ದ ಎರಡನೇ ಕತ್ತಿ ಹೊರಗೆ ಬರುತ್ತದೆ. ಸ್ಟಾರ್‌ಬರ್ಸ್ಟ್ ಸ್ಟ್ರೀಮ್ ಅನ್ನೋ ವರಸೆ, 16 ಏಟು. ನನಗೆ ಬೇಕಾಗಿದ್ದು ಆ 16 ಏಟನ್ನೂ ನಿಜವಾಗಿ ಬೀಸಬಹುದಾದ ಕತ್ತಿ. ಸುಮ್ನೆ ಫೋಟೋಗೆ ಹಿಡಿದು ನಿಲ್ಲೋಕೆ ಅಲ್ಲ. ಆಟದೊಳಗೆ ಸಿಕ್ಕಿಬಿದ್ದಾಗ ಅವನಿಗೆ 14 ವರ್ಷ, ಹೊರಗೆ ಬರುವಾಗ 16. ಮೈ ಸಣಕಲು. ಆಟದ 10,000 ಜನರಲ್ಲಿ ಯಾರ ರಿಯಾಕ್ಷನ್ ಎಲ್ಲರಿಗಿಂತ ಚುರುಕೋ ಅವರಿಗೇ ಡ್ಯುಯಲ್ ಬ್ಲೇಡ್ಸ್, ಅಂದರೆ ಎರಡು ಕತ್ತಿ ಬೀಸುವ ವಿದ್ಯೆ ಸಿಗುವುದು. ಅಂಥವನ ಕೈಗೆ ಎತ್ತೋಕೂ ಆಗದ ದಪ್ಪ ಕತ್ತಿ ಕೊಟ್ಟರೆ ಅವನು ಕಿರಿಟೊ ಹೇಗಾಗುತ್ತಾನೆ?

ಮೊದಲು ಎಲ್ಲರ ಹಾಗೆ ಅರ್ಧ ಇಂಚಿನ ಪಿವಿಸಿ ಪೈಪು. ಅದರ ಹೊರಗಿನ ವ್ಯಾಸವೇ 21 ಮಿಲಿಮೀಟರ್ ಇರುತ್ತೆ. ಎರಡು ಕಡೆ ಫೋಮ್ ಅಂಟಿಸಿದರೆ ಅಲಗು ಒನಕೆ ಥರ ಕಾಣುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಅಂಟಿನದು. ಪೈಪು ಉರುಟು, ಫೋಮ್ ಶೀಟು ಚಪ್ಪಟೆ. ತಾಗುವುದು ಒಂದು ಗೆರೆಯಷ್ಟು ಜಾಗ. ಐದಾರು ಸಲ ಜೋರಾಗಿ ಬೀಸಿದ ಮೇಲೆ ಹಿಡಿಯ ಹತ್ತಿರ ಬಾಯಿ ಬಿಟ್ಟುಕೊಂಡಿತು. ಪೈಪು, ಶೀಟು, ಬಣ್ಣ ಸೇರಿ ಸಾವಿರದ ಇನ್ನೂರು ಚಿಲ್ಲರೆ ನೀರಲ್ಲಿ ಹೋಮ.

ಅಲ್ಯುಮಿನಿಯಂ ಪಟ್ಟಿ ಹಾಕಿದರೆ ಗೇಟಿನ ಪ್ರಾಪ್ ಚೆಕ್‌ನಲ್ಲೇ, ಅಂದರೆ ಆಯುಧದ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ. ಮರದ ಪುಡಿ ಒತ್ತಿ ಮಾಡುವ ಎಂಡಿಎಫ್ ಹಲಗೆ ಭಾರ. 3ಡಿ ಪ್ರಿಂಟ್‌ಗೆ ಒಂದು ಕತ್ತಿಗೆ ಸುಮಾರು 6,000 ಕೇಳಿದರು. ಅದೂ ತುಂಡು ತುಂಡು ಜೋಡಿಸಿದ್ದು. ಗೆಳೆಯನೊಬ್ಬನದು ವೇದಿಕೆ ಮೇಲೇ ಜಾಯಿಂಟ್‌ನಲ್ಲಿ ಮುರಿಯಿತು. ಅದನ್ನು ನೋಡಿದ ಮೇಲೆ ಆ ದಾರಿ ಕೈಬಿಟ್ಟೆ.

ಶಿವಾಜಿನಗರದ ಕಡೆ ಹೋದಾಗ ಬಂಬೂ ಬಜಾರಿನಲ್ಲಿ ಏಣಿ ಕಟ್ಟುವ ಬಿದಿರು ಕಣ್ಣಿಗೆ ಬಿತ್ತು. ಹಸಿಯದು ಬೇಡ, ಬಲಿತದ್ದೇ ಬೇಕು, ಗೋಡೆ ದಪ್ಪ ಇರಬೇಕು ಅಂತ ಕೇಳಿ ತಗೊಂಡೆ. ಒಂದು ಗಳಕ್ಕೆ 200ರ ಆಸುಪಾಸು. ಸೀಳಿಕೊಡಲು ಇನ್ನೊಂದು 50. ಸೀಳಿದವರ ಕೈಚಳಕ ನೋಡಬೇಕು. ಮಚ್ಚು ಇಟ್ಟು ಒಂದು ತಟ್ಟು, ಕೊನೆಯವರೆಗೂ ಒಂದೇ ಅಗಲ.

ಹುಳದ ಭಯ ಸುಳ್ಳಲ್ಲ. ಬಿದಿರಿನ ಒಳಗಿನ ಪಿಷ್ಟಕ್ಕೇ ಅದು ಬರುವುದು. ಹಳ್ಳಿ ಕಡೆ ಗಳಗಳನ್ನು ಕೆರೆಯಲ್ಲಿ ಮುಳುಗಿಸಿಡುತ್ತಿದ್ದುದು ಇದಕ್ಕೇ ಅಲ್ವಾ. ನಾನು ಟೆರೇಸಿನ ಡ್ರಮ್ಮಿನಲ್ಲಿ ಎರಡು ಮೂರು ವಾರ ನೆನೆಹಾಕಿದೆ. ಆಗಾಗ ನೀರು ಬದಲಾಯಿಸಿದೆ. ವಾಸನೆ ಸಿಕ್ಕಾಪಟ್ಟೆ, ಮನೆಯವರ ಬೈಗುಳ ಅದಕ್ಕಿಂತ ಜಾಸ್ತಿ. ಆಮೇಲೆ ನೆರಳಲ್ಲಿ ಒಂದು ತಿಂಗಳ ಮೇಲೆ ಒಣಗಿಸಿದೆ. ಬಿಸಿಲಿಗೆ ಹಾಕಿದ ಪಟ್ಟಿಗಳು ಬಿರುಕು ಬಿಟ್ಟವು, ನೆರಳಿನವು ಬಿಡಲಿಲ್ಲ.

ಈಗ ಮುಖ್ಯ ವಿಷಯ. ಒಂದೇ ಪಟ್ಟಿ ಹಾಕಿದರೆ ಖಂಡಿತ ಬಾಗುತ್ತೆ. ಎರಡು ಪಟ್ಟಿ ತಗೊಳ್ಳಿ, ಇಂಚಗಲ, ಮೂರು ನಾಲ್ಕು ಮಿಲಿಮೀಟರ್ ದಪ್ಪ. ಹೊಟ್ಟೆಗೆ ಹೊಟ್ಟೆ ಸೇರಿಸಿ. ಹಸಿರು ಸಿಪ್ಪೆಯಿದ್ದ ಬದಿ ಎರಡೂ ಹೊರಗೇ ಬರಬೇಕು. ಒಂದು ಆ ಕಡೆ ಎಳೆದರೆ ಇನ್ನೊಂದು ಈ ಕಡೆ ಎಳೆಯುತ್ತೆ, ಹಾಗಾಗಿ ಮಧ್ಯ ನೆಟ್ಟಗೆ ನಿಲ್ಲುತ್ತೆ. ಗೆಣ್ಣು ಗೆಣ್ಣು ಎದುರಾಗಬಾರದು. ಅಂಟು ಹಚ್ಚಿ ಹಳೇ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಬಿಟ್ಟೆ. ಸಿಪ್ಪೆಗೆ ಅಂಟು ಹಿಡಿಯಲ್ಲ, ಶೀಟು ಅಂಟಿಸುವ ಮುಂಚೆ ಒರಟು ಕಾಗದದಲ್ಲಿ ಉಜ್ಜಲೇಬೇಕು. ಪಟ್ಟಿಗಳ ನಡುವೆ ಯಾವ ಅಂಟು ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅಷ್ಟು ದುಡ್ಡು ಸುರಿದು ಕಂಡುಕೊಂಡಿದ್ದು.

ತುದಿಯ ನಾಲ್ಕೈದು ಇಂಚಿಗೆ ಬಿದಿರು ಬೇಡ, ಬರೀ ಫೋಮ್. ಯಾರಿಗಾದರೂ ತಾಗಿದರೆ ಮಡಚಿಕೊಳ್ಳುತ್ತೆ. ಪ್ರಾಪ್ ಚೆಕ್‌ನಲ್ಲಿ ತುದಿ ಒತ್ತಿ ನೋಡಿ ಸೀದಾ ಒಳಗೆ ಬಿಟ್ಟರು.

ಶೀಟಿಗೆ ಕಾಸ್‌ಪ್ಲೇ ಫೋಮ್ ಅಂತ ಆನ್‌ಲೈನಿನಲ್ಲಿ ದುಬಾರಿ ದುಡ್ಡು ಕೊಡಬೇಡಿ. ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಅಟ್ಟೆಗೆ ಹಾಕುವ ಇವಿಎ ಶೀಟು ಅರ್ಧ ಬೆಲೆಗೆ ಸಿಗುತ್ತೆ. ಸ್ವಲ್ಪ ಗಟ್ಟಿ ಇರುವುದರಿಂದ ಅಲಗಿನ ಅಂಚು ಚೂಪಾಗಿ ನಿಲ್ಲುತ್ತೆ. ಬಟ್ಟಲಿನ ಥರ ಬಗ್ಗಿಸೋಕೆ ಆಗಲ್ಲ ಅಷ್ಟೇ, ಕತ್ತಿಗೆ ಅದು ಬೇಕಾಗಿಯೂ ಇಲ್ಲ.

ಎರಡು ಕತ್ತಿಗಳಲ್ಲಿ ಎಲ್ಯೂಸಿಡೇಟರ್ ಕಪ್ಪು, ಸುಲಭ. ಒದ್ದಾಡಿಸಿದ್ದು ಡಾರ್ಕ್ ರಿಪಲ್ಸರ್. 55ನೇ ಮಹಡಿಯ ಡ್ರ್ಯಾಗನ್ ಗೂಡಿನಿಂದ ತಂದ ಲೋಹದಲ್ಲಿ ಕಮ್ಮಾರ ಹುಡುಗಿ ಲಿಜ್‌ಬೆತ್ ಬಡಿದು ಕೊಟ್ಟ ಕತ್ತಿ ಅದು. ಅದರ ಬಣ್ಣ ನೀಲಿಯೂ ಅಲ್ಲ, ಹಸಿರೂ ಅಲ್ಲ, ಬಿಳಿಗೆ ಹತ್ತಿರ. ನೇರವಾಗಿ ಅಕ್ರಿಲಿಕ್ ಹಚ್ಚಿದ್ದೆಲ್ಲ ಬೀಸಿದಾಗ ಚಕ್ಕೆ ಎದ್ದಿತು. ಕೆಳಗೆ ಫೆವಿಕಾಲ್ ನೀರು ಮಾಡಿ ನಾಲ್ಕೈದು ತೆಳು ಪದರ ಕೊಟ್ಟ ಮೇಲೆ ನಿಂತಿತು. ಬಣ್ಣದ ಮಿಶ್ರಣವನ್ನೂ ಹೇಳಲ್ಲ. ಮುತ್ತಿನ ಹೊಳಪಿನ ಪುಡಿ ಬಳಸಿದ್ದೇನೆ, ಅಷ್ಟು ಸಾಕು.

ಮಧ್ಯದಲ್ಲಿ ಅಲಗಿನೊಳಗೆ ಎಲ್‌ಇಡಿ ಹಾಕುವ ಆಸೆಯೂ ಬಂತು. ಎಸ್‌ಪಿ ರೋಡಿನಿಂದ 12 ವೋಲ್ಟ್ ಸ್ಟ್ರಿಪ್ ತಂದು ತೋಡು ಕೊರೆದು ಕೂರಿಸಿದೆ. ಬೀಸಿದಾಗೆಲ್ಲ ಬೆಸುಗೆ ಬಿಡುತ್ತಿತ್ತು. ಮೇಳದ ಹಾಲ್‌ನ ಬೆಳಕಲ್ಲಿ ಅದು ಕಾಣುವುದೂ ಇಲ್ಲ. ಕಿತ್ತುಹಾಕಿದೆ. ಆಟಗಾರರ ತಲೆ ಮೇಲೆ ತಿರುಗುವ ಹಸಿರು ಕರ್ಸರ್ ಮಾತ್ರ ಚೆನ್ನಾಗಿ ಬಂತು. ಹಸಿರು ಪ್ಲಾಸ್ಟಿಕ್ ಫೈಲನ್ನು ಕತ್ತರಿಸಿ ಹರಳಿನ ಆಕಾರ ಮಾಡಿ, ತಂಗೂಸಿ ದಾರದಲ್ಲಿ ಇಳಿಬಿಟ್ಟೆ. ಖರ್ಚು 30 ರೂಪಾಯಿ ಇರಬಹುದು. ಚಿಕ್ಕ ಮಕ್ಕಳು ಕತ್ತಿಗಿಂತ ಅದನ್ನೇ ಜಾಸ್ತಿ ನೋಡಿದರು. ಕಿತ್ತಳೆ ಬಣ್ಣದ್ದೊಂದು ಮಾಡಿ ಗೆಳೆಯನಿಗೆ ಕೊಟ್ಟೆ. ಆಟದಲ್ಲಿ ಅಪರಾಧ ಮಾಡಿದವರ ಕರ್ಸರ್ ಆ ಬಣ್ಣದ್ದು, ಅವನು ಲಾಫಿಂಗ್ ಕಾಫಿನ್ ಅನ್ನೋ ಕೊಲೆಗಾರರ ಗುಂಪಿನವನಾಗಿ ಬಂದಿದ್ದ.

ಕೋಟಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ರೆಕ್ಸಿನ್ ಬೇಡ, ಮೇಳದ ಹಾಲ್‌ನ ಸೆಕೆಗೆ ಬೆಂದುಹೋಗುತ್ತೀರಿ. ಚಿಕ್ಕಪೇಟೆಯ ಕಪ್ಪು ಸೂಟಿಂಗ್ ಬಟ್ಟೆ ನಾಲ್ಕು ಮೀಟರ್, ಮೀಟರಿಗೆ 180 ಇರಬೇಕು. ಸೊಂಟದ ಕೆಳಗೆ ಅಂಬ್ರೆಲಾ ಕಟ್ ಮಾಡಿ ಅಂದೆ. ಗಂಡಸರ ಕೋಟಿಗಾ ಅಂತ ಟೈಲರ್ ಎರಡೆರಡು ಸಲ ಕೇಳಿದರು. ಅಂಚಿನೊಳಗೆ ಅದೇ ತಂಗೂಸಿ ದಾರ ತೂರಿಸಿದೆ. ತಿರುಗಿದರೆ ಕೋಟು ಅನಿಮೆಯಲ್ಲಿ ಹಾರಿದ ಹಾಗೇ ಹಾರುತ್ತೆ.

ಹಾಳಾದದ್ದನ್ನು ಬಿಟ್ಟು ಲೆಕ್ಕ ಹಾಕಿದರೆ ಎರಡು ಕತ್ತಿಗೆ 1,500ರ ಹತ್ತಿರ, ಕೋಟಿಗೆ 2,000 ಚಿಲ್ಲರೆ. ಹೊರದೇಶದಿಂದ ತರಿಸುವ ಸೆಟ್ಟಿಗೆ ನಾನು ನೋಡಿದಾಗ 9,000 ಇತ್ತು. ಒಂದೊಂದು ಕತ್ತಿ ಅರ್ಧ ಕಿಲೋಗಿಂತ ಕಮ್ಮಿ ತೂಗುತ್ತೆ. 16 ಏಟನ್ನೂ ಒಂದೇ ಉಸಿರಲ್ಲಿ ಮುಗಿಸುತ್ತೇನೆ. ಬಿದಿರು ಬೇಡ ಅಂದಿದ್ದವರಲ್ಲೇ ಇಬ್ಬರು ಈಗ ಪಟ್ಟಿ ಸೀಳಿಸಿಕೊಂಡು ಬಂದಿದ್ದಾರೆ.

ಮುಂದಿನದು ಕಿರಿಟೊನ ಜೊತೆಗಾತಿ ಅಸುನಾಳ ಕತ್ತಿ, ಲ್ಯಾಂಬೆಂಟ್ ಲೈಟ್. ರೇಪಿಯರ್, ಅಂದರೆ ಚುಚ್ಚುವ ಸಣ್ಣ ಕತ್ತಿ ಆದ್ದರಿಂದ ಅಷ್ಟು ತೆಳು ಅಲಗಿನಲ್ಲಿ ಎರಡು ಪಟ್ಟಿ ಹಿಡಿಸಲ್ಲ. ಒಂದೇ ಪಟ್ಟಿಯನ್ನು ಬಾಗದ ಹಾಗೆ ನಿಲ್ಲಿಸಿದವರು ಯಾರಾದರೂ ಇದ್ದರೆ ಹೇಳಿ. ಬದಲಿಗೆ ಡಾರ್ಕ್ ರಿಪಲ್ಸರ್ ಬಣ್ಣದ ಮಿಶ್ರಣ ಕೊಡುತ್ತೇನೆ.