ಪೆಟ್ರೋಲ್ ಪಿಕಪ್‌ಗೆ ಗ್ಯಾಸ್ ಕಿಟ್ ಹಾಕಿಸುವುದು ಹೇಗೆ?

ಪೆಟ್ರೋಲ್ ಮಿನಿ ಟ್ರಕ್ ಇಟ್ಟುಕೊಂಡು ಊರೊಳಗೆ ಬಾಡಿಗೆ ಹೊಡೆಯುವವರ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಲೇ ಇರುತ್ತದೆ. ಮುಂದೆ ಹೋಗುತ್ತಿರುವ ಆಟೋ ಗ್ಯಾಸ್‌ನಲ್ಲಿ ಓಡುತ್ತದೆ, ನಮ್ಮ ಗಾಡಿ ಯಾಕೆ ಓಡಬಾರದು? ಓಡುತ್ತದೆ. ಮಾರುತಿ ಸೂಪರ್ ಕ್ಯಾರಿ ಇರಲಿ, ಟಾಟಾ ಏಸ್ ಗೋಲ್ಡ್ ಪೆಟ್ರೋಲ್ ಇರಲಿ, ಪ್ಲಗ್‌ನಲ್ಲಿ ಕಿಡಿ ಬರುವ ಎಂಜಿನ್‌ಗೆ ಎಲ್‌ಪಿಜಿ ಒಗ್ಗುತ್ತದೆ. ಮಾರುತಿ ಓಮ್ನಿ ಕಾರ್ಗೋ ಅಂತೂ ಒಂದು ಕಾಲದಲ್ಲಿ ಕಂಪನಿಯಿಂದಲೇ ಗ್ಯಾಸ್ ಕಿಟ್ ಸಮೇತ ಬರುತ್ತಿತ್ತು. ಡೀಸೆಲ್ ಗಾಡಿಯವರು ಮಾತ್ರ ಇಲ್ಲಿಗೇ ಪುಟ ತಿರುಗಿಸಬಹುದು.

ಇದು ಮನೆ ಮುಂದೆ ಸ್ಪ್ಯಾನರ್ ಹಿಡಿದು ಮಾಡುವ ಕೆಲಸವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅನುಮತಿ ಇರುವ ಗ್ಯಾರೇಜ್‌ನಲ್ಲೇ ಆಗಬೇಕು. ಆದರೆ ಯಾವ ಹಂತದಲ್ಲಿ ಏನಾಗುತ್ತದೆ ಅಂತ ಗೊತ್ತಿದ್ದರೆ ಪಕ್ಕದಲ್ಲಿ ನಿಂತು ನೋಡಬಹುದು, ಕೇಳಬೇಕಾದ ಪ್ರಶ್ನೆ ಕೇಳಬಹುದು. ಲೊವಾಟೊ ಕಂಪನಿಯ ಕಿಟ್ ಒಳ್ಳೆಯದೋ ಲ್ಯಾಂಡಿ ರೆಂಜೊ ಕಂಪನಿಯದು ಒಳ್ಳೆಯದೋ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಪ್ರಕಾರ ಕಿಟ್ ಯಾವುದು ಅನ್ನುವುದಕ್ಕಿಂತ ಅದನ್ನು ಕೂರಿಸುವವನ ಕೈ ಹೇಗಿದೆ ಅನ್ನುವುದೇ ದೊಡ್ಡದು.

ಮೊದಲು ಲೆಕ್ಕ ಹಾಕಿ

ಒಂದು ಲೀಟರ್ ಗ್ಯಾಸ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ನಷ್ಟು ಶಕ್ತಿ ಇರುವುದಿಲ್ಲ. ಹಾಗಾಗಿ ಮೈಲೇಜ್ ಸುಮಾರು ಶೇ 20ರಷ್ಟು ಇಳಿಯುತ್ತದೆ. ಬರೀ ಲೀಟರ್ ಬೆಲೆ ನೋಡಿ ಖುಷಿಪಡಬೇಡಿ. ಪೆಟ್ರೋಲ್ 100 ರೂಪಾಯಿ, ಗ್ಯಾಸ್ 60 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಪೆಟ್ರೋಲ್‌ನಲ್ಲಿ 15 ಕಿ.ಮೀ. ಕೊಡುವ ಗಾಡಿ ಗ್ಯಾಸ್‌ನಲ್ಲಿ 12 ಕೊಡುತ್ತದೆ. ಅಂದರೆ ಕಿಲೋಮೀಟರ್‌ಗೆ 6 ರೂಪಾಯಿ 67 ಪೈಸೆ ಇದ್ದದ್ದು 5 ರೂಪಾಯಿಗೆ ಇಳಿಯಿತು. ಉಳಿದದ್ದು 1 ರೂಪಾಯಿ 67 ಪೈಸೆ. ಕಿಟ್‌ಗೆ 40 ಸಾವಿರ ಕೊಟ್ಟಿದ್ದರೆ ಅದು ವಾಪಸ್ ಬರುವುದಕ್ಕೆ ಹತ್ತಿರ ಹತ್ತಿರ 24 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ 2,000 ಕಿ.ಮೀ. ಓಡಿಸುವವರಿಗೆ ಒಂದು ವರ್ಷ. ವಾರಕ್ಕೊಮ್ಮೆ ಸಂತೆಗೆ ಹೋಗಿ ಬರುವ ಗಾಡಿಗೆ? ಹಾಕಿಸಲೇಬೇಡಿ. ನಿಮ್ಮೂರಿನ ಇವತ್ತಿನ ಬೆಲೆ ಹಾಕಿ ಇದೇ ಲೆಕ್ಕ ಮಾಡಿ ನೋಡಿ.

ಇನ್ನೊಂದು ವಿಷಯ ಬಂಕ್. ಬೆಂಗಳೂರಿನಲ್ಲಿ ಆಟೋಗಳ ದೆಸೆಯಿಂದ ಗ್ಯಾಸ್ ಬಂಕ್ ಸಿಗುವುದು ಕಷ್ಟವಲ್ಲ, ಬೆಳಗ್ಗೆ ಹೊತ್ತು ಕ್ಯೂ ನಿಲ್ಲುವ ತಾಳ್ಮೆ ಇರಬೇಕು ಅಷ್ಟೇ. ಸಣ್ಣ ಊರಿನಲ್ಲಿ ಹಾಗಲ್ಲ. ನಿಮ್ಮ ದಿನದ ದಾರಿಯಲ್ಲಿ ಬಂಕ್ ಇಲ್ಲದಿದ್ದರೆ, ಗ್ಯಾಸ್ ಹಾಕಿಸಲೆಂದೇ ಸುತ್ತು ಹೊಡೆದು ಉಳಿದ ದುಡ್ಡನ್ನೆಲ್ಲ ಅಲ್ಲೇ ಕಳೆಯುತ್ತೀರಿ.

ಎಳೆತವೂ ಸ್ವಲ್ಪ ತಗ್ಗುತ್ತದೆ. ಗ್ಯಾಸ್ ಆವಿಯಾಗಿ ಒಳಗೆ ಹೋಗುವಾಗ ಗಾಳಿಯ ಜಾಗವನ್ನೂ ತಿನ್ನುತ್ತದೆ, ಅದಕ್ಕೇ ಹೀಗೆ. ಸೂಪರ್ ಕ್ಯಾರಿಯ 1.2 ಲೀಟರ್ ಎಂಜಿನ್‌ನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಏಸ್ ಗೋಲ್ಡ್‌ನದು 694 ಸಿಸಿಯ ಎರಡು ಸಿಲಿಂಡರ್ ಎಂಜಿನ್, 30 ಅಶ್ವಶಕ್ತಿ. ಫುಲ್ ಲೋಡ್ ಹಾಕಿಕೊಂಡು ಫ್ಲೈಓವರ್ ಹತ್ತುವಾಗ ಒಂದು ಗೇರ್ ಮೊದಲೇ ಇಳಿಸಬೇಕಾಗುತ್ತದೆ.

ಕಾಗದ ನೋಡದೆ ಅಡ್ವಾನ್ಸ್ ಕೊಡಬೇಡಿ

ಎಲ್ಲರೂ ಕಿಟ್ ಹಾಕಿಸಿ ಆಮೇಲೆ ಆರ್‌ಟಿಒ ಬಗ್ಗೆ ಯೋಚಿಸುತ್ತಾರೆ. ಉಲ್ಟಾ ಮಾಡಿ. ಕಿಟ್‌ಗೆ ಪುಣೆಯ ಎಆರ್‌ಎಐ ಅಥವಾ ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಮಂಜೂರಾತಿ ಪತ್ರ ಇರಬೇಕು. ಆ ಪತ್ರದ ನಕಲು ಕೇಳಿ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಗಾಡಿಯ ಮಾಡೆಲ್ಲು, ಎಂಜಿನ್, ಹೊಗೆಯ ಮಾನದಂಡ ಬಿಎಸ್-4 ಅಥವಾ ಬಿಎಸ್-6 ಅನ್ನುವುದು ಸೇರಿದೆಯಾ, ಪತ್ರದ ಅವಧಿ ಮುಗಿದಿಲ್ಲ ತಾನೇ ಅಂತ ನೋಡಿ. ಬಿಎಸ್-6 ಪೆಟ್ರೋಲ್ ಗಾಡಿಗಳಿಗೆ ಹೊರಗಿನಿಂದ ಗ್ಯಾಸ್ ಕಿಟ್ ಹಾಕಿಸಲು ಕೇಂದ್ರ ಸಾರಿಗೆ ಸಚಿವಾಲಯ ದಾರಿ ಮಾಡಿಕೊಟ್ಟದ್ದೇ 2022ರಲ್ಲಿ, ಅದೂ 3.5 ಟನ್‌ವರೆಗಿನ ಗಾಡಿಗೆ. 'ಎಲ್ಲಾ ಗಾಡಿಗೂ ಆಗುತ್ತೆ ಸಾರ್, ನಾವು ನೋಡ್ಕೋತೀವಿ' ಅನ್ನುವ ಕಡೆಯಿಂದ ಎದ್ದು ಬನ್ನಿ.

ಗಾಡಿ ಮೇಲೆ ಸಾಲ ಇದ್ದರೆ ಬ್ಯಾಂಕಿನಿಂದ ಒಪ್ಪಿಗೆ ಪತ್ರ ಬೇಕು. ಕಂಪನಿ ವಾರಂಟಿ ಇನ್ನೂ ಇದ್ದರೆ ಅದು ಮುಗಿಯುವವರೆಗೆ ಕಾಯುವುದೇ ವಾಸಿ. ಹೊರಗಿನ ಕಿಟ್ ನೋಡಿದ ತಕ್ಷಣ ಶೋರೂಮ್‌ನವರು ಕೈ ಎತ್ತುತ್ತಾರೆ.

ಹಾಗೇ ಅಡುಗೆ ಮನೆಯ ಸಿಲಿಂಡರ್ ವಿಷಯ. ಈಗಲೂ ಕೆಲವರು ಅದನ್ನೇ ಹಿಂದೆ ಕಟ್ಟಿಕೊಂಡು ಓಡಿಸುತ್ತಾರೆ. ಗಾಡಿಗೆ ಎಲ್‌ಪಿಜಿ ಬಳಸುವುದಕ್ಕೆ 2001ರ ಪ್ರತ್ಯೇಕ ಆದೇಶವೇ ಇದೆ, ಅದರ ಪ್ರಕಾರ ಇದು ಅಪರಾಧ. ಅಪರಾಧ ಅನ್ನುವುದನ್ನು ಬಿಟ್ಟರೂ, ಗಾಡಿ ಟ್ಯಾಂಕ್‌ನಲ್ಲಿ ಇರುವ ಯಾವ ರಕ್ಷಣೆಯೂ ಆ ಸಿಲಿಂಡರ್‌ನಲ್ಲಿ ಇಲ್ಲ. ಪೈಪ್ ಕಿತ್ತುಬಂದರೆ ಗ್ಯಾಸ್ ನಿಲ್ಲಿಸುವವರು ಯಾರೂ ಇರುವುದಿಲ್ಲ.

ಟ್ಯಾಂಕ್ ಎಲ್ಲಿ, ಹೇಗೆ

ಪಿಕಪ್‌ನಲ್ಲಿ ಒಂದು ಅನುಕೂಲ ಇದೆ. ಕಾರಿನವರ ಹಾಗೆ ಡಿಕ್ಕಿ ಕಳೆದುಕೊಳ್ಳಬೇಕಿಲ್ಲ. ಲೋಡ್ ಬಾಡಿಯ ಕೆಳಗೆ, ಚಾಸಿಯ ಬದಿಯಲ್ಲಿ ಉದ್ದನೆಯ ಟ್ಯಾಂಕ್‌ಗೆ ಜಾಗ ಸಿಗುತ್ತದೆ. ಗಾಡಿಯ ಅತಿ ತಗ್ಗಿನ ಭಾಗಕ್ಕಿಂತ ಟ್ಯಾಂಕ್ ಕೆಳಗೆ ಇಳಿದಿರಬಾರದು. ಬದಿಯಿಂದ ಹೊರಗೆ ಚಾಚಿರಬಾರದು. ಸೈಲೆನ್ಸರ್‌ಗೆ ಹತ್ತಿರ ಇರಲೇಬಾರದು, ಬೇರೆ ದಾರಿಯೇ ಇಲ್ಲದಿದ್ದರೆ ನಡುವೆ ಶಾಖ ತಡೆಯುವ ತಗಡು ಹಾಕಿಸಿ. ಬ್ರಾಕೆಟ್‌ಗಳು ಚಾಸಿಗೆ ಬೋಲ್ಟ್ ಆಗಬೇಕು, ಲೋಡ್ ಬಾಡಿಯ ತೆಳು ತಗಡಿಗಲ್ಲ. ಚಾಸಿಗೆ ವೆಲ್ಡಿಂಗ್ ಮಾಡುತ್ತೇವೆ ಅಂದರೆ ಒಪ್ಪಬೇಡಿ.

60 ಲೀಟರಿನ ಟ್ಯಾಂಕ್‌ಗೆ 48 ಲೀಟರ್ ಮಾತ್ರ ಹಿಡಿಯುತ್ತದೆ. ಬಂಕ್‌ನವರು ಮೋಸ ಮಾಡಿದರು ಅಂತ ಜಗಳಕ್ಕೆ ಹೋಗಬೇಡಿ. ಎಲ್‌ಪಿಜಿ ಬಿಸಿಲಿಗೆ ಹಿಗ್ಗುತ್ತದೆ, ಅದಕ್ಕೆ ಜಾಗ ಬಿಡಲೇಬೇಕು, ಹಾಗಾಗಿ ಶೇ 80 ತುಂಬಿದ ಕೂಡಲೇ ಟ್ಯಾಂಕ್ ತಾನೇ ಬಾಯಿ ಮುಚ್ಚುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕ್‌ನಲ್ಲಿ ಚೆಂಡು ತೇಲಿ ನಲ್ಲಿ ಮುಚ್ಚುತ್ತದಲ್ವಾ, ಇಲ್ಲೂ ಅದೇ. ಈ ಕೆಲಸ ಮಾಡುವುದು ಟ್ಯಾಂಕ್ ಮೇಲಿನ ಮಲ್ಟಿವಾಲ್ವ್. ಎಂಜಿನ್ ನಿಂತರೆ ಗ್ಯಾಸ್ ಕಟ್ ಮಾಡುವುದೂ, ಪೈಪ್ ತುಂಡಾಗಿ ಗ್ಯಾಸ್ ಒಮ್ಮೆಲೇ ನುಗ್ಗಿದರೆ ತಡೆಯುವುದೂ, ಬೆಂಕಿಯ ಶಾಖಕ್ಕೆ ಒತ್ತಡ ಏರಿದರೆ ಹೊರಗೆ ಬಿಡುವುದೂ ಅದರ ಪಾಲಿಗೇ ಬಂದಿದೆ. ಟ್ಯಾಂಕ್ ಮೇಲೆ ಒಂದು ಪ್ಲೇಟ್ ಇರುತ್ತದೆ. ನಂಬರ್, ತಯಾರಾದ ತಿಂಗಳು, ಪರೀಕ್ಷೆಯ ದಿನಾಂಕ ಅದರಲ್ಲಿ ಇರುತ್ತವೆ. ಫಿಟ್ ಮಾಡುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ, ಒಮ್ಮೆ ಕೂರಿಸಿದ ಮೇಲೆ ಆ ಪ್ಲೇಟ್ ಚಾಸಿ ಕಡೆಗೆ ತಿರುಗಿಬಿಟ್ಟರೆ ಓದುವುದಕ್ಕೆ ಆಗುವುದಿಲ್ಲ.

ಟ್ಯಾಂಕ್, ಬ್ರಾಕೆಟ್, ಗ್ಯಾಸ್ ಎಲ್ಲ ಸೇರಿ 50-60 ಕೆ.ಜಿ. ಆಗುತ್ತದೆ. ಅಷ್ಟು ಲೋಡ್ ಕಮ್ಮಿ ಹಾಕಬೇಕು ಅಂತಲೇ ಅರ್ಥ. ಸಿಎನ್‌ಜಿಗೆ ಹೋಲಿಸಿದರೆ ಇದು ಏನೂ ಅಲ್ಲ. ಅದನ್ನು 200 ಬಾರ್ ಒತ್ತಡದಲ್ಲಿ ತುಂಬುವುದರಿಂದ ಸಿಲಿಂಡರ್ ದಪ್ಪಗಿರಬೇಕು, ತೂಕವೂ ಜಾಸ್ತಿ.

ಎಂಜಿನ್ ಹತ್ತಿರದ ಕೆಲಸ

ಟ್ಯಾಂಕ್‌ನಿಂದ ಮುಂದಕ್ಕೆ ಬರುವುದು ಪ್ಲಾಸ್ಟಿಕ್ ಹೊದಿಕೆಯ ತೆಳು ತಾಮ್ರದ ಪೈಪ್. ಅದರಲ್ಲಿ ದ್ರವ ರೂಪದ ಗ್ಯಾಸ್ ಹರಿಯುತ್ತದೆ. ಚಾಸಿಯ ಉದ್ದಕ್ಕೂ ಅಲ್ಲಲ್ಲಿ ಕ್ಲ್ಯಾಂಪ್ ಹಾಕಿ ಬಿಗಿದಿರಬೇಕು. ತಗಡು ತೂರಿ ಹೋಗುವ ಕಡೆ ರಬ್ಬರ್ ಬುಷ್ ಇರಬೇಕು. ಎಂಜಿನ್‌ಗೆ ಸೇರುವ ಮುನ್ನ ಪೈಪ್ ಒಂದು ಸುತ್ತು ಸುತ್ತಿಕೊಂಡಿದ್ದರೆ ಅದು ಒಳ್ಳೆಯ ಫಿಟ್ಟರ್‌ನ ಕೆಲಸ ಅಂತ ತಿಳಿಯಿರಿ. ಎಂಜಿನ್ ಅದುರುವಾಗ ಆ ಸುತ್ತು ಅದುರನ್ನು ನುಂಗುತ್ತದೆ, ತಾಮ್ರ ಬಿರುಕು ಬಿಡುವುದಿಲ್ಲ.

ಮುಂದೆ ರೆಡ್ಯೂಸರ್. ದ್ರವ ಇಲ್ಲಿ ಆವಿಯಾಗುತ್ತದೆ. ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ, ಬಿಸಿ ಸಿಗದಿದ್ದರೆ ರೆಡ್ಯೂಸರ್ ಹಿಮಗಟ್ಟುತ್ತದೆ. ಅದಕ್ಕಾಗಿ ರೇಡಿಯೇಟರ್‌ನ ಬಿಸಿ ಕೂಲೆಂಟ್ ಅದರೊಳಗೆ ಹಾದುಹೋಗುವಂತೆ ಪೈಪ್ ಜೋಡಿಸುತ್ತಾರೆ. ರೇಡಿಯೇಟರ್‌ನ ನೀರಿನ ಮಟ್ಟಕ್ಕಿಂತ ರೆಡ್ಯೂಸರ್ ಕೆಳಗೇ ಇರಬೇಕು, ಇಲ್ಲದಿದ್ದರೆ ಗಾಳಿ ಸೇರಿಕೊಂಡು ಬಿಸಿ ತಲುಪುವುದಿಲ್ಲ. ಈ ಮಿನಿ ಟ್ರಕ್‌ಗಳಲ್ಲಿ ಎಂಜಿನ್ ಸೀಟಿನ ಕೆಳಗೇ ಇರುವುದರಿಂದ ಜಾಗದ ಇಕ್ಕಟ್ಟು ಇದೆ, ಎಲ್ಲೋ ಒಂದು ಕಡೆ ತುರುಕಿಬಿಡುವ ಆಸೆ ಫಿಟ್ಟರ್‌ಗೆ ಬರುವುದು ಸಹಜ. ಕೆಲಸ ಮುಗಿದ ಮೇಲೆ ಕೂಲೆಂಟ್ ಮತ್ತೆ ತುಂಬಿ ಗಾಳಿ ತೆಗೆಯುವುದನ್ನು ಮರೆಯದಂತೆ ನೋಡಿಕೊಳ್ಳಿ. ಮರೆತರೆ ಎಂಜಿನ್ ಹೀಟ್ ಆಗುತ್ತದೆ, ಆಮೇಲೆ ಎಲ್ಲರೂ ಗ್ಯಾಸನ್ನು ಬೈಯುತ್ತಾರೆ.

ಈಗ ನೀವು ಪಕ್ಕದಲ್ಲಿ ನಿಲ್ಲಲೇಬೇಕಾದ ಹೊತ್ತು. ಇಂಜೆಕ್ಟರ್ ಇರುವ ಗಾಡಿಗೆ ಸೀಕ್ವೆನ್ಷಿಯಲ್ ಕಿಟ್ ಹಾಕುತ್ತಾರೆ, ಅಂದರೆ ಪ್ರತಿ ಸಿಲಿಂಡರ್‌ಗೂ ಒಂದೊಂದು ಗ್ಯಾಸ್ ಇಂಜೆಕ್ಟರ್. ಗ್ಯಾಸ್ ಒಳಗೆ ಹೋಗಲು ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಅಂದರೆ ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಗಳಲ್ಲಿ, ರಂಧ್ರ ಕೊರೆಯಬೇಕು. ಮ್ಯಾನಿಫೋಲ್ಡ್ ಬಿಚ್ಚಿ ಹೊರಗಿಟ್ಟು ಕೊರೆಯಬೇಕು. ಎಂಜಿನ್ ಮೇಲಿದ್ದಂತೆಯೇ ಡ್ರಿಲ್ ಹಿಡಿದರೆ ಚೂರುಗಳು ನೇರ ವಾಲ್ವ್ ಕಡೆಗೆ ಬೀಳುತ್ತವೆ. 'ಬಿಟ್‌ಗೆ ಗ್ರೀಸ್ ಹಚ್ಚಿದ್ದೀವಿ, ಚೂರು ಅಂಟಿಕೊಳ್ಳುತ್ತೆ' ಅನ್ನುವ ಸಮಾಧಾನ ಕೇಳಬೇಡಿ. ಮ್ಯಾನಿಫೋಲ್ಡ್ ಬಿಚ್ಚಲು ಹೊಸ ಗ್ಯಾಸ್ಕೆಟ್ ಬೇಕು, ಅರ್ಧ ದಿನ ಜಾಸ್ತಿ ಹಿಡಿಯುತ್ತದೆ, ಅದಕ್ಕೇ ತಪ್ಪಿಸಿಕೊಳ್ಳುತ್ತಾರೆ. ಹೆಚ್ಚಿನ ಕೂಲಿ ಕೊಟ್ಟಾದರೂ ಬಿಚ್ಚಿಸಿ. ರಂಧ್ರಗಳೆಲ್ಲ ಸಿಲಿಂಡರ್ ಹೆಡ್‌ಗೆ ಹತ್ತಿರ, ಒಂದೇ ಓರೆಯಲ್ಲಿ, ಒಂದೇ ದೂರದಲ್ಲಿ ಇರಬೇಕು. ಇಂಜೆಕ್ಟರ್‌ನಿಂದ ಅಲ್ಲಿಗೆ ಹೋಗುವ ರಬ್ಬರ್ ಪೈಪ್‌ಗಳು ಗಿಡ್ಡಗಿರಬೇಕು, ಎಲ್ಲವೂ ಒಂದೇ ಅಳತೆ. ಒಂದು ಗಿಡ್ಡ ಒಂದು ಉದ್ದ ಆದರೆ ಐಡ್ಲಿಂಗ್‌ನಲ್ಲಿ ಗಾಡಿ ಮಿಸ್ ಹೊಡೆಯುತ್ತಲೇ ಇರುತ್ತದೆ.

ವೈರಿಂಗ್ ವಿಷಯದಲ್ಲಿ ಹೇಳುವುದು ಒಂದೇ: ಜೋಡಣೆಗಳನ್ನು ಬೆಸುಗೆ ಹಾಕಿ ಸ್ಲೀವ್ ಹಾಕಿರಬೇಕು, ಬರೀ ತಿರುಚಿ ಟೇಪ್ ಸುತ್ತಿದ್ದು ಮಳೆಗಾಲ ದಾಟುವುದಿಲ್ಲ.

ಲ್ಯಾಪ್‌ಟಾಪ್ ಮತ್ತು ಸೋಪು ನೀರು

ಎಲ್ಲ ಜೋಡಿಸಿದ ಮೇಲೆ ಪ್ರತಿ ಜಾಯಿಂಟ್‌ಗೂ ಸೋಪಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಲೀಕ್. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಹಾರಿಹೋಗದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬರುತ್ತಿರುವ ಗಾಡಿಯನ್ನು ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಬಾರದು ಅನ್ನುವುದು ಇದಕ್ಕೇ.

ಆಮೇಲೆ ಲ್ಯಾಪ್‌ಟಾಪ್ ಹಾಕಿ ಟ್ಯೂನಿಂಗ್. ನಿಂತಲ್ಲೇ ಐದು ನಿಮಿಷ ಕ್ಯಾಲಿಬ್ರೇಶನ್ ಮಾಡಿ ಮುಗಿಯಿತು ಅನ್ನುತ್ತಾರೆ. ಮುಗಿದಿಲ್ಲ. ಲೋಡ್ ಹಾಕಿ ರಸ್ತೆಯಲ್ಲಿ ಓಡಿಸುತ್ತಾ, ಪೆಟ್ರೋಲ್‌ನಲ್ಲಿ ಇಂಜೆಕ್ಟರ್ ತೆರೆದಿರುವ ಸಮಯಕ್ಕೂ ಗ್ಯಾಸ್‌ಗೆ ಬದಲಾಯಿಸಿದಾಗ ಎಂಜಿನ್ ಕಂಪ್ಯೂಟರ್ ಕೇಳುವ ಸಮಯಕ್ಕೂ ತಾಳೆ ನೋಡಬೇಕು. ಎರಡೂ ಹೆಚ್ಚುಕಮ್ಮಿ ಒಂದೇ ಇದ್ದರೆ ಟ್ಯೂನಿಂಗ್ ಸರಿ. ಗ್ಯಾಸ್‌ನಲ್ಲಿ ಅದು ಏರುತ್ತಾ ಹೋದರೆ ಗ್ಯಾಸ್ ಸಾಲುತ್ತಿಲ್ಲ ಅಂತ. ಹಾಗೇ ಓಡಿಸಿದರೆ ವಾಲ್ವ್ ಬೇಗ ಸವೆಯುತ್ತದೆ.

ಆರ್‌ಸಿ ಮತ್ತು ಇನ್ಶೂರೆನ್ಸ್

ಗಾಡಿಯಲ್ಲಿ ಮಾಡಿದ ಬದಲಾವಣೆಯನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಕಿಟ್ ಬಿಲ್ಲು, ಮಂಜೂರಾತಿ ಪತ್ರದ ನಕಲು, ಟ್ಯಾಂಕ್‌ನ ಸರ್ಟಿಫಿಕೇಟು, ಫಿಟ್ ಮಾಡಿದ ಗ್ಯಾರೇಜ್‌ನ ಪತ್ರ, ಇವನ್ನೆಲ್ಲ ಇಟ್ಟುಕೊಂಡು ಹೋಗಿ. ಬ್ರೇಕ್ ಇನ್‌ಸ್ಪೆಕ್ಟರ್ ಟ್ಯಾಂಕ್ ನಂಬರ್ ತಾಳೆ ನೋಡುತ್ತಾರೆ, ಆಗ ಆ ಫೋಟೊ ಉಪಯೋಗಕ್ಕೆ ಬರುತ್ತದೆ. ಆರ್‌ಸಿಯಲ್ಲಿ ಇಂಧನ 'ಪೆಟ್ರೋಲ್/ಎಲ್‌ಪಿಜಿ' ಅಂತ ಬದಲಾದ ಮೇಲೆ ಇನ್ಶೂರೆನ್ಸ್‌ಗೂ ಸೇರಿಸಿ. ಸಾಮಾನ್ಯವಾಗಿ ಕಿಟ್ ಬೆಲೆಯ ಶೇ 4ರಷ್ಟು ಪ್ರೀಮಿಯಂ ಹೆಚ್ಚಾಗುತ್ತದೆ, ಥರ್ಡ್ ಪಾರ್ಟಿಗೆ 60 ರೂಪಾಯಿ. ಈ ಸಣ್ಣ ದುಡ್ಡು ಉಳಿಸಲು ಹೋಗಿ ಕ್ಲೇಮ್ ಕಳೆದುಕೊಳ್ಳುವವರು ಇದ್ದಾರೆ.

ಓಡಿಸುವಾಗ

ಗಾಡಿ ಪೆಟ್ರೋಲ್‌ನಲ್ಲೇ ಸ್ಟಾರ್ಟ್ ಆಗುತ್ತದೆ, ಕೂಲೆಂಟ್ ಬಿಸಿಯಾದ ಮೇಲೆ ತಾನೇ ಗ್ಯಾಸ್‌ಗೆ ಹೊರಳುತ್ತದೆ. ಆದ್ದರಿಂದ ಪೆಟ್ರೋಲ್ ಟ್ಯಾಂಕ್ ಖಾಲಿ ಬಿಡಬೇಡಿ, ಕಾಲು ಭಾಗವಾದರೂ ಇರಲಿ. ಪೆಟ್ರೋಲ್ ಪಂಪ್ ಟ್ಯಾಂಕ್ ಒಳಗೇ ಇರುತ್ತದೆ, ಅದನ್ನು ತಂಪಾಗಿಡುವುದು ಆ ಪೆಟ್ರೋಲೇ. ಮೊದಲ 1,000 ಕಿ.ಮೀ. ಆದ ಮೇಲೆ ವಾಪಸ್ ಹೋಗಿ ಬೋಲ್ಟ್ ಬಿಗಿಸಿ, ಮತ್ತೊಮ್ಮೆ ಸೋಪು ನೀರು ಹಾಕಿಸಿ. ಗ್ಯಾಸ್ ಫಿಲ್ಟರ್‌ಗಳನ್ನು 10-15 ಸಾವಿರ ಕಿ.ಮೀ.ಗೆ ಬದಲಾಯಿಸಿ. ಟ್ಯಾಪೆಟ್ ಗ್ಯಾಪ್ ಪೆಟ್ರೋಲ್ ಗಾಡಿಗಿಂತ ಬೇಗ ಬೇಗ ನೋಡಿಸಿ, ಪ್ಲಗ್ ಸವೆಯುವವರೆಗೆ ಎಳೆಯಬೇಡಿ. ಆಯಿಲ್ ಕಪ್ಪಾಗುವುದು ನಿಧಾನ, ಹಾಗಂತ ಬದಲಾಯಿಸುವ ಅವಧಿ ಮುಂದಕ್ಕೆ ಹಾಕಬೇಡಿ. ಲೋಡ್ ಬಾಡಿ ರಿಪೇರಿಗೆ ವೆಲ್ಡಿಂಗ್ ಮಾಡಿಸುವ ದಿನ ಬಂದರೆ ಟ್ಯಾಂಕ್ ಬಿಚ್ಚಿಸಿ, ಬ್ಯಾಟರಿ ಕಳಚಿ, ಆಮೇಲೆ ವೆಲ್ಡರ್ ಹತ್ತಿರ ಬಿಡಿ. ಟ್ಯಾಂಕ್‌ಗೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಸೆಕೆಂಡ್ ಹ್ಯಾಂಡ್ ಗ್ಯಾಸ್ ಗಾಡಿ ಕೊಳ್ಳುವವರು ಎಫ್‌ಸಿ ಜೊತೆಗೆ ಆ ಪರೀಕ್ಷೆಯ ದಿನಾಂಕವನ್ನೂ ಕೇಳಿ, ಮುಗಿದಿದ್ದರೆ ಆ ಖರ್ಚನ್ನು ರೇಟಿನಲ್ಲೇ ಕಳೆಯಿರಿ.