ಮನೇಲೇ ಒಂದು ಗಂಟೆ ರೇಡಿಯೋ ನಡೆಸೋದು ಹೇಗೆ? ಒಬ್ಬ ಆರ್‌ಜೆ ಹೇಳ್ಕೊಡೋ ಪಾಠ

ಮೊನ್ನೆ ಒಂದು ಮದುವೆ ಮನೇಲಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯವರಿಗೆ ನನ್ನ ದನಿ ಗುರುತು ಸಿಕ್ಕಿಬಿಡ್ತು. "ಅಲ್ಲಮ್ಮಾ, ನನ್ ಫೋನಲ್ಲಿ ಬೇಕಾದಷ್ಟು ಹಾಡಿದೆ, ಯಾವಾಗ ಬೇಕಾದ್ರೂ ಹಾಕ್ಕೋಬೋದು, ಆದ್ರೂ ಅದೇ ಹಾಡು ರೇಡಿಯೋದಲ್ಲಿ ಬಂದ್ರೆ ಯಾಕೆ ಇನ್ನೂ ಖುಷಿ ಆಗತ್ತೆ?" ಅಂತ ಕೇಳಿದ್ರು. ನಾನು ಬಾಯಿ ತೆಗೆಯೋಷ್ಟರಲ್ಲಿ ಹೋಳಿಗೆಗೆ ತುಪ್ಪ ಬಂತು, ಮಾತು ಅಲ್ಲಿಗೇ ನಿಂತೋಯ್ತು. ಆದ್ರೆ ಉತ್ತರ ಆ ಎಲೆ ಮುಂದೇನೇ ಇತ್ತು ನೋಡಿ. ನಾವೇ ಬಡಿಸ್ಕೊಂಡು ತಿನ್ನೋದಕ್ಕೂ ಯಾರೋ ಪಕ್ಕದಲ್ಲಿ ನಿಂತು "ಇನ್ನೊಂಚೂರು ಹಾಕ್ಲಾ?" ಅಂತ ಬಡಿಸೋದಕ್ಕೂ ರುಚಿ ಬೇರೆ. ರೇಡಿಯೋದಲ್ಲಿ ಬರೋ ಹಾಡನ್ನ ಈ ಹೊತ್ತಿಗೆ ಇದು ಅಂತ ಇನ್ನೊಬ್ರು ಯೋಚ್ನೆ ಮಾಡಿ ಬಡಿಸಿರ್ತಾರೆ.

ಆ ಬಡಿಸೋ ಕೆಲಸ, ಅಂದ್ರೆ ಮನೆಯವರಿಗೆ ಒಂದು ಗಂಟೆ ಹಾಡು ಆರಿಸಿ, ಜೋಡಿಸಿ ಹಾಕೋದು, ಇದನ್ನ ಕಲಿಯೋಕೆ ಸ್ಟುಡಿಯೋ ಬೇಡ, ಮೈಕೂ ಬೇಡ. ನಮ್ಮ ಕನ್ನಡ ನಾಡಿನ ರೇಡಿಯೋ ಹುಟ್ಟಿದ್ದೇ ಒಂದು ಮನೇಲಿ. ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಮನಃಶಾಸ್ತ್ರ ಹೇಳ್ಕೊಡ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಲ್ಲಿ ತಮ್ಮ ಮನೇಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಕೊಂಡು ಪ್ರಸಾರ ಶುರು ಮಾಡಿದ್ರು, ಅದಕ್ಕಿದ್ದ ಹೆಸರೇ ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೋಗೇ ಆ ಹೆಸರು ಬಂತು. ಮನಸ್ಸಿನ ಬಗ್ಗೆ ಪಾಠ ಮಾಡೋರು ರೇಡಿಯೋ ಶುರು ಮಾಡಿದ್ರು ಅನ್ನೋದು ನನಗೆ ಯಾವಾಗ ನೆನಪಾದ್ರೂ ಸಂತೋಷ ಆಗತ್ತೆ, ಯಾಕಂದ್ರೆ ಈ ಕೆಲಸದಲ್ಲಿ ಹಾಡು ಗೊತ್ತಿರೋದು ಅರ್ಧ ಭಾಗ ಮಾತ್ರ, ಉಳಿದರ್ಧ ಕೇಳೋರು ಈಗ ಏನ್ ಮಾಡ್ತಿರ್ತಾರೆ ಅಂತ ಊಹಿಸೋದು.

ಹಂಗಾಗಿ ಮೊದಲನೇ ಹೆಜ್ಜೆ, ಹಾಡಿನ ಲಿಸ್ಟ್ ಮಾಡ್ಬೇಡಿ. ಮನೆಯ ಲಿಸ್ಟ್ ಮಾಡಿ. ಒಂದು ಹಾಳೆ ತಗೊಂಡು ಯಾವುದಾದ್ರೂ ಒಂದು ಗಂಟೆ ಆರಿಸ್ಕೊಳಿ, ಬೆಳಿಗ್ಗೆ ಆರೂವರೆಯಿಂದ ಏಳೂವರೆ ಅಂತಿಟ್ಕೊಳಿ. ಆರೂವರೆಗೆ ಯಾರು ಎದ್ದಿರ್ತಾರೆ, ಮುಕ್ಕಾಲಿಗೆ ಯಾರು ಬಚ್ಚಲಲ್ಲಿ, ಏಳಕ್ಕೆ ಒಲೆ ಮೇಲೆ ಏನಿರತ್ತೆ, ಏಳೂಕಾಲಿಗೆ ಯಾರು ಸಾಕ್ಸ್ ಸಿಗ್ಲಿಲ್ಲ ಅಂತ ಕೂಗ್ತಾರೆ, ಎಲ್ಲಾ ಬರೀರಿ. ನಮ್ಮಲ್ಲಿ ಇದಕ್ಕೆ ಕ್ಯೂ ಶೀಟ್ ಅಂತಾರೆ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಏನು ಹೋಗತ್ತೆ ಅನ್ನೋ ಹಾಳೆ. ಹಾಡು ಆಮೇಲೆ ತಾನಾಗೇ ಬಂದು ಕೂರತ್ತೆ.

ಬೆಳಗಿನ ಮೊದಲ ಹಾಡಿನ ಬಗ್ಗೆ ನಾನು ಸ್ವಲ್ಪ ಹಠಮಾರಿ. ಎದ್ದ ತಕ್ಷಣ ಮಾತು ಜಾಸ್ತಿ ಇರೋ ಹಾಡು ಹಾಕ್ಬೇಡಿ, ಕಿವಿಗೆ ಇನ್ನೂ ನಿದ್ದೆ ಇರತ್ತೆ. ನಾದಸ್ವರ, ಕೊಳಲು, ವೀಣೆ, ಇಲ್ಲಾ ಅಂದ್ರೆ ಒಂದು ತಂಬೂರಿ ಜೊತೆಗಿನ ಆಲಾಪ, ಇಷ್ಟು ಸಾಕು. ಹಿಂದಿನವರು ಹೊತ್ತಿಗೊಂದು ರಾಗ ಅಂತ ಇಟ್ಕೊಂಡಿದ್ದು ಸುಮ್ನೆ ಅಲ್ಲ. ಕರ್ನಾಟಕ ಸಂಗೀತದಲ್ಲಿ ಭೂಪಾಳ, ಬೌಳಿ ಬೆಳಗಿನ ಜಾವದ್ದು, ಹಿಂದೂಸ್ತಾನಿಯಲ್ಲಿ ಭೈರವ್, ತೋಡಿ ಬೆಳಗಿನದ್ದು. ಹುಬ್ಬಳ್ಳಿ-ಧಾರವಾಡದ ಕಡೆ ಮನೆಗಳಲ್ಲಿ ಮಲ್ಲಿಕಾರ್ಜುನ ಮನ್ಸೂರರ ದನಿ, ಗಂಗೂಬಾಯಿ ಹಾನಗಲ್ಲರ ದನಿ ಕೇಳ್ಕೊಂಡೇ ಕಸ ಗುಡಿಸಿ ರಂಗೋಲಿ ಹಾಕೋರನ್ನ ನಾನೇ ನೋಡಿದೀನಿ. ರಾಗದ ಹೆಸರು ಗೊತ್ತಿಲ್ದಿದ್ರೂ ಪರವಾಗಿಲ್ಲ. ಸಣ್ಣ ದನೀಲಿ, ಕಾಫಿ ಡಿಕಾಕ್ಷನ್ ಇಳಿಯೋ ಸದ್ದು ಇನ್ನೂ ಕೇಳೋ ಹಾಗೆ ಇಡಿ.

ಅಡುಗೆಮನೆಗೆ ಬಂದ್ರೆ ಹಾಡೇ ಗಡಿಯಾರ. ಇದು ನನ್ನ ಅಜ್ಜಿ ಇಂದ ಕಲ್ತಿದ್ದು, ಅವರು ರವೆ ಹುರಿಯೋಕೆ ನಿಂತ್ರೆ ರೇಡಿಯೋದಲ್ಲಿ ಎರಡು ಹಾಡು ಮುಗಿಯೋವರೆಗೂ ಸೌಟು ಬಿಡ್ತಿರ್ಲಿಲ್ಲ, ಉರಿ ಸಣ್ಣದಿರ್ತಿತ್ತು, ಉಪ್ಪಿಟ್ಟು ಉದುರುದುರಾಗಿ ಬರ್ತಿತ್ತು. ಈ ಲೆಕ್ಕ ಯಾಕೆ ತಪ್ಪಲ್ಲ ಅಂದ್ರೆ ಹಳೇ ಚಿತ್ರಗೀತೆಗಳು ಹೆಚ್ಚುಕಮ್ಮಿ ಮೂರು, ಮೂರೂವರೆ ನಿಮಿಷ. ಆ ಕಾಲದ ಗ್ರಾಮಾಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗ್ತಿತ್ತು, ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಅಷ್ಟೇ ಹೊತ್ತಿನ ಹಾಡು ಹಿಡೀತಿತ್ತು, ಅದಕ್ಕಿಂತ ಉದ್ದ ಆದ್ರೆ ತಟ್ಟೆ ತಿರುಗಿಸಿ ಹಾಕ್ಬೇಕಿತ್ತು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಇಂಥ ಸಂಗೀತ ನಿರ್ದೇಶಕರು ಪಲ್ಲವಿ, ಎರಡು ಚರಣ, ನಡುವೆ ವಾದ್ಯ ಎಲ್ಲಾನೂ ಅಂಥ ಅಳತೆಯೊಳಗೆ ಕೂರಿಸೋರು, ಒಂದು ಸ್ವರ ಕೂಡ ದಂಡ ಆಗ್ತಿರ್ಲಿಲ್ಲ. ಈಗ್ಲೂ ನಾನು ಮೊಟ್ಟೆ ಬೇಯಿಸೋಕೆ ಮೂರು ಹಾಡು, ಡಿಕಾಕ್ಷನ್‌ಗೆ ನಾಲ್ಕು ಹಾಡು ಅಂತ ಲೆಕ್ಕ ಇಟ್ಟಿದೀನಿ. ಒಂದೇ ಎಚ್ಚರಿಕೆ, ಕುಕ್ಕರ್ ಇಟ್ಟಿರುವಾಗ ನಿಮಗೆ ತುಂಬಾ ಇಷ್ಟದ ಹಾಡು ಹಾಕ್ಬೇಡಿ. ಸರಿಯಾಗಿ ಚರಣದ ಆ ಮೇಲಿನ ಸ್ವರ ಬರುವಾಗ್ಲೇ ಸೀಟಿ ಹೊಡಿಯತ್ತೆ, ಪ್ರತಿ ಸಲಾನೂ.

ಏಳು ಗಂಟೆ ಮೇಲೆ ಮನೆ ಓಡೋಕೆ ಶುರು ಮಾಡತ್ತೆ, ಆಗ ತಾಳ ನೋಡ್ಕೊಳಿ. ಮಕ್ಕಳನ್ನ ಬೇಗ ಬೇಗ ರೆಡಿ ಮಾಡಿಸ್ಬೇಕು ಅಂತ ಎಲ್ರೂ ಜೋರು ಬೀಟ್ ಹಾಕ್ತಾರೆ, ನನ್ನ ಅನುಭವದಲ್ಲಿ ಅದರಿಂದ ಗಲಾಟೆ ಜಾಸ್ತಿ ಆಗತ್ತೆ ಹೊರತು ಸಾಕ್ಸ್ ಬೇಗ ಸಿಗಲ್ಲ. ನಡೆಯೋ ಹೆಜ್ಜೆಗೆ ಕೂರೋ ಹಾಡು ಹಾಕಿ. ಕಂಡುಹಿಡಿಯೋದು ಸುಲಭ, ಹಾಡು ಹಾಕ್ಕೊಂಡು ಹಾಲಿಂದ ಅಡುಗೆಮನೆಗೆ ನಡೆದು ನೋಡಿ, ಪಾದ ತಾನಾಗೇ ತಾಳಕ್ಕೆ ಬಿದ್ರೆ ಅದು ಸರಿಯಾದ ಹಾಡು, ಓಡ್ಬೇಕು ಅನ್ಸಿದ್ರೆ ಸಂಜೆಗಿಟ್ಕೊಳಿ. ಕಾರಲ್ಲೂ ಇದೇ ಮಾತು. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಗಾಡಿ ಒಂದಿಂಚೂ ಕದಲ್ದೇ ಇರುವಾಗ ಸ್ಪೀಡ್ ಹಾಡು ಬಂದ್ರೆ ಕಾಲು ಆಕ್ಸಿಲರೇಟರ್ ಕೇಳತ್ತೆ, ರಸ್ತೆ ಕೊಡಲ್ಲ, ಸಿಟ್ಟು ಬರೋದು ಅಲ್ಲೇ. ಅದಕ್ಕೇ ಬೆಳಗಿನ ಶೋನಲ್ಲಿ ಎಂಟೂವರೆಯಿಂದ ಒಂಬತ್ತೂವರೆವರೆಗೆ ನಾನು ಪಿ.ಬಿ. ಶ್ರೀನಿವಾಸ್ ದನಿ ಜಾಸ್ತಿ ಇಡ್ತೀನಿ, ಆ ದನಿಗೆ ಯಾವತ್ತೂ ಅವಸರ ಅನ್ನೋದೇ ಇಲ್ಲ.

ಇನ್ನು ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು, ಒಂದು ಹಾಡಿಂದ ಇನ್ನೊಂದಕ್ಕೆ ಹೋಗೋದು. ಒಳ್ಳೇ ಹಾಡು ಎಲ್ರ ಹತ್ರಾನೂ ಇರತ್ತೆ, ಜೋಡಿಸೋದ್ರಲ್ಲೇ ಕೈಚಳಕ ಇರೋದು. ಪ್ರತಿ ಹಾಡಿನ ಕೊನೇ ಹತ್ತು ಸೆಕೆಂಡು, ಮುಂದಿನದರ ಮೊದಲ ಹತ್ತು ಸೆಕೆಂಡು ಒಟ್ಟಿಗೆ ಕೇಳಿ ನೋಡಿ, ನಡುವಿನದ್ದು ಬಿಡಿ. ಮುಗಿಯೋದು ಮೆತ್ತಗಿದ್ದು ಶುರುವಾಗೋದು ಡೋಲು ತಮಟೆಯಿಂದ ಆದ್ರೆ ಮನೇಲಿ ಯಾರೋ ಬಾಗಿಲು ದಢಾರ್ ಅಂತ ಹಾಕಿದಂಗೆ ಆಗತ್ತೆ. ಏನಾದ್ರೂ ಒಂದು ಎಳೆ ಎರಡರಲ್ಲೂ ಇರ್ಲಿ, ಒಂದೇ ಶ್ರುತಿ, ಇಲ್ಲಾ ಒಂದೇ ವಾದ್ಯ, ಇಲ್ಲಾ ಮಳೆಯ ಮಾತು ಎರಡರಲ್ಲೂ ಬರೋದು. ಒಂದು ಎಳೆ ಸಾಕು, ಎಲ್ಲಾ ಒಂದೇ ಆದ್ರೆ ಬೋರು. ಒಬ್ಬರದೇ ದನಿ ಸಾಲಾಗಿ ಮೂರು ಸಲ ಬೇಡ, ಎಸ್. ಜಾನಕಿ ಅವರದ್ದೇ ಆದ್ರೂ ಬೇಡ, ನಡುವೆ ಬೇರೆ ದನಿ ಬಂದು ಹೋದ್ರೆ ಜಾನಕಿಯಮ್ಮ ಮತ್ತೆ ಬಂದಾಗ ಮನೆಗೆ ಬೆಳಕು ಬಂದಂಗೆ. ದುಃಖದ ಹಾಡಾದ್ಮೇಲೆ ನೇರವಾಗಿ ಕುಣಿಯೋ ಹಾಡಿಗೆ ಹಾರ್ಬೇಡಿ, ನಡುವೆ ಒಂದು ವಾದ್ಯ ಸಂಗೀತ ಇಡಿ. ಊಟದಲ್ಲಿ ಸಾರಿಗೂ ಪಾಯಸಕ್ಕೂ ನಡುವೆ ಒಂದಿಷ್ಟು ಹೊತ್ತು ಬಿಡ್ತೀವಲ್ಲ, ಅದೇ ಥರ.

ಹೊಸಾ ಹಾಡು ಹಳೇ ಹಾಡು ಬೇರೆ ಬೇರೆ ಡಬ್ಬಿಗೆ ಹಾಕೋ ಅಭ್ಯಾಸಾನೂ ಬಿಡಿ. ಸಿ. ಅಶ್ವತ್ಥ್ ಅವರ ಭಾವಗೀತೆ ಆದ್ಮೇಲೆ ಈ ವರ್ಷದ ಒಂದು ಇಂಡಿ ಬ್ಯಾಂಡ್ ಹಾಡು ಹಾಕಿ ನೋಡಿ, ಎರಡೂ ಹೊಸದಾಗಿ ಕೇಳ್ಸತ್ತೆ.

ಮಾತಾಡ್ಬೇಕಾ ಅಂತ ಕೇಳ್ತೀರಿ. ಖಂಡಿತ ಮಾತಾಡಿ, ಆದ್ರೆ ಒಬ್ಬರ ಜೊತೆ. "ಎಲ್ಲಾ ಕೇಳುಗರಿಗೂ ನಮಸ್ಕಾರ" ಅಂದ್ರೆ ಯಾರಿಗೂ ಹೇಳಿದಂಗಾಗಲ್ಲ, "ಅತ್ತೆ, ಇದು ನೀವು ಮೊನ್ನೆ ಬಟ್ಟೆ ಮಡಿಸ್ತಾ ಗುನುಗ್ತಿದ್ದ ಹಾಡು" ಅಂದ್ರೆ ಅತ್ತೆ ಕೈಲಿದ್ದ ಚಾಕು ಕೆಳಗಿಟ್ಟು ತಿರುಗಿ ನೋಡ್ತಾರೆ. ಹತ್ತು ಹದಿನೈದು ಸೆಕೆಂಡು ಸಾಕು. ಒಂದು ಸಲಕ್ಕೆ ಒಂದೇ ವಿಷಯ. ಹಾಗೇ ಹಾಡು ಬರೆದೋರ ಹೆಸರು, ರಾಗ ಹಾಕಿದೋರ ಹೆಸರು, ಹಾಡಿದೋರ ಹೆಸರು ಹೇಳಿ, ಆಕಾಶವಾಣಿಯಲ್ಲಿ ನಮಗೆ ಕಲಿಸಿದ ಮೊದಲ ಶಿಸ್ತು ಅದು. ನಾಯಕನ ಹೆಸರು ಎಲ್ರಿಗೂ ಗೊತ್ತಿರತ್ತೆ, ಸಾಹಿತ್ಯ ಬರೆದೋರ ಹೆಸರು ಯಾರೂ ಹೇಳ್ದೇ ಇದ್ರೆ ಅದು ಮರೆತೇ ಹೋಗತ್ತೆ, ಮನೇಲಿರೋ ಮಗು ಆ ಹೆಸರುಗಳನ್ನ ಕೇಳ್ತಾ ಬೆಳೀಲಿ.

ಆದ್ರೆ ಹಾಡು ಬರ್ತಿರುವಾಗ ಅದರ ಮೇಲೆ ಮಾತಾಡ್ಬೇಡಿ. ಎಫ್‌ಎಂನಲ್ಲಿ ಶುರುವಿನ ವಾದ್ಯದ ಮೇಲೆ ಮಾತಾಡಿ, ದನಿ ಬರೋ ಸರಿಯಾದ ಕ್ಷಣಕ್ಕೆ ನಿಲ್ಲಿಸೋದು ಒಂದು ವಿದ್ಯೆ, ನನಗೂ ಅದು ಬರತ್ತೆ, ಆದ್ರೆ ಒಂದು ಫೋನ್ ಬಂದ್ಮೇಲೆ ಕಮ್ಮಿ ಮಾಡಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಫೋನ್ ಮಾಡಿ, ತೀರಿಹೋದ ತಾಯಿಗೆ ತುಂಬಾ ಇಷ್ಟವಾಗಿದ್ದ ಹಾಡು ಅದು, ಕೊನೇ ಚರಣದ ಮೇಲೆ ನೀವು ಟ್ರಾಫಿಕ್ ಸುದ್ದಿ ಹೇಳಿಬಿಟ್ರಿ ಅಂದ್ರು. ಬೈಲಿಲ್ಲ, ಮೆತ್ತಗೆ ಹೇಳಿದ್ರು. ಮರುದಿನ ಅದೇ ಹೊತ್ತಿಗೆ ಆ ಹಾಡನ್ನ ಮೊದಲಿಂದ ಕೊನೇವರೆಗೂ ಹಾಕಿದೆ, ಒಂದು ಮಾತೂ ಆಡದೆ. ಆವತ್ತಿಂದ ಯಾವ ಚರಣ ಬಂದ್ರೂ ಇದು ಯಾರಿಗೋ ಬೇಕಾಗಿರೋ ಚರಣ ಅಂತಲೇ ಅನ್ಸತ್ತೆ.

ಕೋರಿಕೆಗೆ ಒಂದು ಡಬ್ಬಿ ಇಡಿ, ಹಳೇ ಬಿಸ್ಕತ್ ಡಬ್ಬಿ ಆಗತ್ತೆ. ಹಿಂದೆ ರೇಡಿಯೋಗೆ ಕೋರಿಕೆ ಪೋಸ್ಟ್ ಕಾರ್ಡಲ್ಲಿ ಬರ್ತಿತ್ತು, ಒಂದು ಹಾಡಿಗೆ ಇಡೀ ಓಣಿಯ ಹೆಸರು ಬರೆದು ಕಳಿಸ್ತಿದ್ರು, ನಾವು ಓದ್ತಾ ಹೋದಂಗೆ ಆ ಊರಲ್ಲಿ ಒಬ್ಬೊಬ್ರೇ ನಗ್ತಿರ್ತಾರೆ ಅಂತ ನಮಗೆ ಇಲ್ಲೇ ಗೊತ್ತಾಗ್ತಿತ್ತು. ಮನೇಲೂ ಎಲ್ರೂ ಒಂದೊಂದು ಚೀಟಿ ಹಾಕ್ಲಿ, ಕೆಲಸಕ್ಕೆ ಬರೋ ಅಕ್ಕನೂ ಹಾಕ್ಲಿ. ನಿಯಮ ಒಂದೇ, ಯಾರ ಹಾಡಿಗೂ ಯಾರೂ ಮೂಗು ಮುರಿಯಂಗಿಲ್ಲ. ಒಂಬತ್ತನೇ ಕ್ಲಾಸಿನ ಮಗನ ರ‍್ಯಾಪ್ ಮೊದಲು ಬಂದು ಅಜ್ಜಿಯ ದೇವರನಾಮ ಆಮೇಲೆ ಬರ್ಲಿ, ಅಜ್ಜಿ ತನ್ನ ಹಾಡಿಗೆ ಕಾಯ್ತಾ ಮೊಮ್ಮಗಂದು ಕೇಳಿರ್ತಾರೆ, ಮೊಮ್ಮಗ ಓಡಿಹೋಗೋಷ್ಟರಲ್ಲಿ ದೇವರನಾಮದ ಪಲ್ಲವಿ ಕಿವಿಗೆ ಬಿದ್ದಿರತ್ತೆ. ನಮ್ಮನೇಲಿ ಹೀಗೇ ಮಾಡ್ತಾ ಮಾಡ್ತಾ ಮಗ ಒಂದಿನ ಪುರಂದರದಾಸರ ಸಾಲೊಂದಕ್ಕೆ ತನ್ನ ಬೀಟ್ ಬಾಯಲ್ಲೇ ಹಾಕಿದ, ಅಮ್ಮ ಚಪ್ಪಾಳೆ ತಟ್ಟಿ ಇನ್ನೊಂದ್ಸಲ ಅಂದ್ರು.

ರೇಡಿಯೋದಲ್ಲಿ ಕೆಲವು ಸೆಕೆಂಡು ಸದ್ದಿಲ್ಲ ಅಂದ್ರೆ ಡೆಡ್ ಏರ್ ಅಂತ ಎಲ್ರೂ ಓಡ್ಬರ್ತಾರೆ. ಮನೇಲಿ ಆ ಭಯ ಇಲ್ಲ, ಅದು ನಿಮಗಿರೋ ದೊಡ್ಡ ಅನುಕೂಲ. ಭೀಮಸೇನ ಜೋಶಿ ಅವರ ಒಂದು ಅಭಂಗವೋ ದಾಸರ ಪದವೋ ಮುಗಿದ್ಮೇಲೆ ತಕ್ಷಣ ಇನ್ನೊಂದು ಹಾಕ್ಬೇಡಿ, ಒಂದು ನಿಮಿಷ ಹಾಗೇ ಬಿಡಿ, ಫ್ಯಾನಿನ ಸದ್ದು, ಹೊರಗೆ ತರಕಾರಿ ಗಾಡಿಯವನ ಕೂಗು ಬಂದು ಹೋಗ್ಲಿ. ಮನೇಲಿ ಯಾರಿಗಾದ್ರೂ ಮನಸ್ಸು ಸರಿ ಇಲ್ದಿದ್ದಾಗ್ಲೂ ಖುಷಿ ಹಾಡು ಹಾಕಿ ಸರಿಮಾಡೋಕೆ ಹೋಗ್ಬೇಡಿ, ಅವರೇ ಕೇಳೋವರೆಗೂ ರೇಡಿಯೋ ಆಫ್ ಇರ್ಲಿ.

ರಾತ್ರಿ ಮಾಡೋದಾದ್ರೆ ವಾಲ್ಯೂಮ್ ಬೆಳಗಿನ ಅರ್ಧಕ್ಕಿಳಿಸಿ, ನೀಲಾಂಬರಿಯಂಥ ಜೋಗುಳದ ರಾಗ ಇಟ್ಕೊಳಿ. ಹಳೇ ಮೀಡಿಯಂ ವೇವ್ ಸೆಟ್ ಮನೇಲಿದ್ರೆ ಒಮ್ಮೆ ಕತ್ತಲಾದ್ಮೇಲೆ ಮುಳ್ಳು ತಿರುಗಿಸಿ ನೋಡಿ. ಹಗಲಲ್ಲಿ ಆ ಅಲೆಗಳನ್ನ ಹೀರ್ಕೊಳ್ಳೋ ಒಂದು ಪದರ ಆಕಾಶದಲ್ಲಿರತ್ತೆ, ಸೂರ್ಯ ಮುಳುಗಿದ್ಮೇಲೆ ಅದು ಕರಗಿಹೋಗತ್ತೆ, ಆಗ ಅಲೆಗಳು ಇನ್ನೂ ಮೇಲಕ್ಕೆ ಹೋಗಿ ಬಡಿದು ವಾಪಸ್ ಬೀಳತ್ತೆ, ಹಗಲಲ್ಲಿ ಸಿಗದ ದೂರದೂರಿನ ಸ್ಟೇಷನ್ ಗೊರಗೊರ ಅಂತ ಹತ್ರ ಬರತ್ತೆ. ಭಾಷೆ ಗೊತ್ತಾಗ್ದಿದ್ರೂ ಅಲ್ಲೂ ಯಾರೋ ಒಬ್ರು ಎಚ್ಚರವಾಗಿ ಕೂತು ಹಾಡು ಬಡಿಸ್ತಿದಾರೆ ಅಂತ ಗೊತ್ತಾಗತ್ತೆ.

ಮೊದಲನೇ ಸಲಕ್ಕೆ ಬರೋ ಭಾನುವಾರ ಇಟ್ಕೊಳಿ. ಒಂದು ಗಂಟೆಗೆ ಹಳೇ ಅಳತೆಯ ಹಾಡಾದ್ರೆ ಮಾತು, ಮೌನ ಎಲ್ಲಾ ಸೇರಿ ಹನ್ನೆರಡು ಹಾಡು ಹಿಡಿಯತ್ತೆ. ಹನ್ನೊಂದು ಬರೆದು ಹಾಳೇನ ಫ್ರಿಜ್ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಹನ್ನೆರಡನೇ ಸಾಲು ಖಾಲಿ ಬಿಡಿ, ಎಲ್ರಿಗಿಂತ ಲೇಟಾಗಿ ಎದ್ದು ಬರೋರು ಹಲ್ಲುಜ್ಜುತ್ತಾ ಬಂದು ಬರ್ಕೊಳ್ಲಿ.